ನಾಗವೇಣಿಯ ಕಂಬಕ್ಕೆ ಹಾಡು ಕಟ್ಟಿದ ಮಳೆಗಾಲ

ಮಳೆಗಾಲ ಕಳೆದು ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ನಾನು ಶಾಮಿಯಾನದ ಬಟ್ಟೆಗಳನ್ನೆಲ್ಲ ಅಂಗಳಕ್ಕೆ ತಂದು ಬಿಡಿಸುತ್ತೇನೆ. ಜೂನ್‌ನಲ್ಲಿ ಮಡಚಿ ಅಟ್ಟಕ್ಕೆ ಹಾಕಿದ ಬಟ್ಟೆಯ ಮಡಿಕೆ ತೆರೆದರೆ ಒಂದು ವಾಸನೆ ಏಳುತ್ತದೆ. ಅದರಲ್ಲಿ ಬೂಸ್ಟು ಇದೆ, ಸೌದೆ ಒಲೆಯ ಹೊಗೆ ಇದೆ, ಯಾರದೋ ಮದುವೆಯ ಅರಿಶಿನ, ಯಾರದೋ ಮುಡಿಯಿಂದ ಜಾರಿದ ಅಬ್ಬಲಿಗೆ, ಜೊತೆಗೆ ಒಂದೆರಡು ಇಲಿಗಳ ಸಂಸಾರ. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುತ್ತಾಳೆ. ನಾನು ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಆ ವಾಸನೆ ಕುಡಿಯುತ್ತೇನೆ. ಅದು ಮೂಗಿಗೆ ಬಂದರೆ ನನಗೆ ಹಟ್ಟಿಕೇರಿಯ ಹೊನ್ನಿ ಅಜ್ಜಿ ನೆನಪಾಗುತ್ತಾಳೆ, ಅವಳನ್ನು ಗೂಡ್ಸ್ ರಿಕ್ಷಾದಲ್ಲಿ ಕೂರಿಸಿಕೊಂಡು ಕದ್ರಾಕ್ಕೆ ಹೋದ ಆ ಮಳೆಗಾಲ ನೆನಪಾಗುತ್ತದೆ.

ಅಂಕೋಲೆಯಲ್ಲಿ ನನ್ನದು ಶಾಮಿಯಾನ ಮತ್ತು ಮೈಕ್ ಸೆಟ್ಟಿನ ಅಂಗಡಿ. ಅಪ್ಪನಿಂದ ಬಂದದ್ದು. ಮದುವೆ, ಮುಂಜಿ, ಬಯಲಾಟ, ಪಂಚಾಯ್ತಿಯ ಸಭೆ, ಎಲ್ಲ ಕಡೆ ಮೊದಲು ಹೋಗುವವನು ನಾನು, ಕೊನೆಗೆ ಬರುವವನೂ ನಾನೇ. ವಯರು ಎಳೆದು ಮುಗಿದ ಮೇಲೆ ನನಗೆ ಕೆಲಸವಿಲ್ಲ. ಆಗ ಅಡುಗೆ ಮನೆಯ ಹಿಂದೆ ತೆಂಗಿನಕಾಯಿ ತುರಿಯುತ್ತ ಕೂತ ಮುದುಕಿಯರ ಪಕ್ಕ ನಾನೂ ಕೂರುತ್ತೇನೆ. ನನಗೆ ಮಾತು ಕಲಿಸಿದವರು ಅವರು. ಶಾಲೆಯಲ್ಲಿ ಕಲಿತದ್ದೂ ಇದೆ, ಅದು ರಸೀದಿ ಬರೆಯಲು ಸಾಕು.

ಹೊನ್ನಿ ಅಜ್ಜಿ ಅಂಥ ಮುದುಕಿಯರಲ್ಲಿ ಹಿರಿಯಳು. ಅವಳ ಕೇರಿಯ ಮದುವೆಗಳಲ್ಲಿ ಒಂದು ಪದ್ಧತಿ ಇದೆ. ಅರಿಶಿನ ಹಚ್ಚುವ ಸಂಜೆ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಮನೆಗೆ ಬರುತ್ತಾರೆ. ಒಂದು ಚಾಪೆಯ ಮೇಲೆ ಇವರು, ಎದುರಿನ ಚಾಪೆಯ ಮೇಲೆ ಅವರು. ಆಗ ಕಸುಬು ಹಾಡುತ್ತಾರೆ. ಗಂಡು ಏನು ಕೆಲಸ ಮಾಡುತ್ತಾನೆ ಎಂದು ಅವರು ಹಾಡಬೇಕು, ಹೆಣ್ಣಿಗೆ ಏನು ಕೆಲಸ ಬರುತ್ತದೆ ಎಂದು ಇವರು ಹಾಡಬೇಕು. ಹಾಡಿ ಮುಗಿಸಿ ಹೆಣ್ಣಿನ ಕಡೆಯವರು ಕೇಳುತ್ತಾರೆ: ‘ಈ ಕಸುಬು ಯಾರ ಮನೆಗೆ?’ ಎದುರಿನ ಚಾಪೆಯವರು ‘ನಮ್ಮ ಮನೆಗೆ, ನಮ್ಮ ಮನೆಗೆ’ ಎಂದು ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಆ ಕೆಲಸ ಹುಡುಗಿಯ ಜೊತೆ ಗಂಡನ ಮನೆಗೆ ಹೋಗುತ್ತದೆ, ಕೊಟ್ಟ ತಂಬಿಗೆ ಚರಿಗೆಗಳ ಹಾಗೆ. ಸುಮ್ಮನಿದ್ದರೆ ಅದು ತವರಿನಲ್ಲೇ ಉಳಿಯಿತು ಎಂದು ಅರ್ಥ. ಅಜ್ಜಿಯ ತಂಗಿಯೊಬ್ಬಳು ಓಲಿ ಗರಿಯ ಚಾಪೆ ನೇಯುವುದರಲ್ಲಿ ಎತ್ತಿದ ಕೈಯಂತೆ. ಅವಳ ಮದುವೆಯಲ್ಲಿ ಎದುರಿನ ಚಾಪೆಯವರು ಬಾಯಿ ತೆರೆಯಲಿಲ್ಲ. ‘ಮತ್ತೆ ಅದು ಓಲಿ ಮುಟ್ಟಲಿಲ್ಲ ತಮಾ’ ಎಂದು ಅಜ್ಜಿ ಹೇಳುತ್ತಿದ್ದಳು, ‘ಆದ್ರೆ ಕೂತಲ್ಲಿ ಕೂತು ಸೆರಗಿನ ಅಂಚನ್ನೇ ಮಡಚಿ ಮಡಚಿ ನೇಯ್ತಿತ್ತು. ಸಾಯೂವರೆಗೂ.’

ಈಗ ಇದನ್ನೆಲ್ಲ ಯಾರೂ ನಂಬುವುದಿಲ್ಲ ಎನ್ನುತ್ತಾರೆ. ಆದರೆ ಆ ಕೇರಿಯಲ್ಲಿ ಕಸುಬು ಹಾಡದೆ ಮುಗಿದ ಮದುವೆಯನ್ನು ನಾನು ಕಂಡಿಲ್ಲ.

ಉಪ್ಪು ತೆಗೆಯುವವರಿಗೆ, ದೋಣಿಯವರಿಗೆ, ಕುಂಬಾರರಿಗೆ, ಹಗ್ಗ ಹೊಸೆಯುವವರಿಗೆ ಹಳೆಯ ಹಾಡುಗಳೇ ಇವೆ. ಹೊಸ ಕೆಲಸ ಬಂದರೆ ಅಜ್ಜಿ ಹೊಸತು ಕಟ್ಟುತ್ತಿದ್ದಳು. ಅದಕ್ಕೆ ಅವಳ ಅತ್ತೆ ಹಾಕಿಕೊಟ್ಟ ಕಟ್ಟು ಒಂದೇ: ಕಣ್ಣಿಗೆ ಕಾಣದ್ದು ಬಾಯಿಗೆ ಬರಬಾರದು. ಕೇರಿಯ ಹುಡುಗನೊಬ್ಬ ಬಸ್ ಕಂಡಕ್ಟರ್ ಆದಾಗ ಅಜ್ಜಿ ಬೆಳಿಗ್ಗೆ ಅವನ ಬಸ್ಸು ಹತ್ತಿ ಅಂಕೋಲೆಗೂ ಕಾರವಾರಕ್ಕೂ ನಡುವೆ ಹೋಗುತ್ತ ಬರುತ್ತ ಕೂತೇ ಇದ್ದಳಂತೆ. ‘ನೀ ಇಳಿಯೂದು ಎಲ್ಲಿ ಅಜ್ಜಿ?’ ಎಂದು ಅವನು ಕೇಳಿದರೆ ‘ಹಾಡು ಮುಗ್ದಲ್ಲಿ’ ಎಂದಳಂತೆ. ವಿಮೆ ಮಾಡಿಸುವ ಏಜೆಂಟನೊಬ್ಬನ ಮದುವೆಗೆ ಮಾತ್ರ ಅವಳು ಕೈಚೆಲ್ಲಿದಳು. ‘ಎರ್ಡು ದಿನ ಬೆನ್ನು ಹತ್ತಿ ನೋಡ್ದೆ. ಅವ ಬರೀ ಮಾತಾಡ್ತ. ಮಾತಿಗೆ ಹಾಡು ಹಾಕೂಕೆ ಬರೂದಿಲ್ಲ.’ ನನ್ನ ಮದುವೆಯಲ್ಲಿ ಗಂಡಿನ ಕಡೆಯವಳಾಗಿ ಬಂದು ಹಾಡಿದ್ದೂ ಅವಳೇ:

ತನಗೆ ಗಂಟಲು ಇಲ್ಲ, ತಂತಿ ಎಳೆದಾನೆ
ಊರಿಗೆ ಗಂಟಲ ಹಂಚ್ಯಾನೆ | ನನ ತಮ್ಮ
ತಾನು ಮೂಲೆಲಿ ನಿಂತಾನೆ

ಎದುರಿನ ಚಾಪೆಯವರು ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅಜ್ಜಿಯ ಮೊಮ್ಮಗಳು ನಾಗವೇಣಿ. ಮಗನ ಮಗಳು. ಐ.ಟಿ.ಐ. ಓದಿ, ಕಂಬ ಹತ್ತುವ ಪರೀಕ್ಷೆಯಲ್ಲಿ ಗಂಡುಹುಡುಗರ ಜೊತೆ ಹತ್ತಿ ಇಳಿದು ತೋರಿಸಿ, ವಿದ್ಯುತ್ ಇಲಾಖೆಯಲ್ಲಿ ಲೈನ್ ಕೆಲಸಕ್ಕೆ ಸೇರಿದಳು. ಮೊದಲ ಪೋಸ್ಟಿಂಗೇ ಕದ್ರಾದ ಕಡೆ. ಕಾಳಿ ನದಿಯ ಅಣೆಕಟ್ಟು ಇರುವ ಊರು. ಅಲ್ಲಿಂದ ನಾಡಿಗೆಲ್ಲ ಕರೆಂಟು ಹೋಗುತ್ತದೆ, ಆದರೆ ಒಂದು ಮರ ಬಿದ್ದರೆ ಪಕ್ಕದ ಹಳ್ಳಿಯೇ ಕತ್ತಲು. ಮಳೆಗಾಲ ಬಂತೆಂದರೆ ಅವಳಿಗೆ ಕೂರಲು ಪುರಸೊತ್ತಿಲ್ಲ. ಮಳೆಗಾಲ ಬಂತೆಂದರೆ ನನಗೆ ಕೂರುವುದೇ ಕೆಲಸ. ಆದ್ದರಿಂದ ಅಜ್ಜಿ ನನ್ನನ್ನು ಹಿಡಿದಳು.

‘ಗಣಪು, ನಮ್ಮ ಹುಡ್ಗಿಗೆ ಗಂಡು ಗೊತ್ತಾಯ್ತು. ಅಮದಳ್ಳಿಯವ. ಹಿಟ್ಟಿನ ಗಿರಣಿ ಇದೆ. ತುಳಸಿ ಲಗ್ನ ಆದ್ಮೇಲೆ ಮದ್ವಿ.’

‘ಹಾಂಗಾದ್ರೆ ಶಾಮಿಯಾನ ನಂದೇ.’

‘ಶಾಮಿಯಾನ ಆಮೇಲೆ. ಮೊದ್ಲು ನಿನ್ನ ಗಾಡಿ ಬೇಕು. ಅದು ಕಂಬ ಹತ್ತೂದನ್ನ ನಾ ನೋಡ್ಬೇಕಲ್ಲ.’

ಹುಡುಗನ ಹೆಸರು ಉದಯ. ನಾಗವೇಣಿ ಒಮ್ಮೆ ಅಮದಳ್ಳಿ ಕಡೆ ಹೆಚ್ಚುವರಿ ಕೆಲಸಕ್ಕೆ ಬಂದಾಗ ಅವನ ಗಿರಣಿಯ ಲೈನು ಬಿದ್ದಿತ್ತು. ಅವಳು ಸರಿಮಾಡಿ ಕೆಳಗಿಳಿದಳು, ಇವನು ಹಿಟ್ಟು ಮೆತ್ತಿದ ಕೈಯಲ್ಲೇ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದ. ಅಲ್ಲಿಂದ ಶುರು. ‘ಗಿರಣಿಯವಂಗೆ ಕರೆಂಟಿನವಳು ಸಿಕ್ಕದ್ದು, ಬೆಕ್ಕಿಗೆ ಮೀನಿನವಳು ಸಿಕ್ಕಂಗೆ’ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಆಷಾಢದ ಒಂದು ಬೆಳಿಗ್ಗೆ ಹೊರಟೆವು. ಗೂಡ್ಸ್ ರಿಕ್ಷಾದಲ್ಲಿ ನನ್ನ ಪಕ್ಕ ಅಜ್ಜಿ, ಅವಳ ಮಡಿಲಲ್ಲಿ ಕೊಡೆ, ಕಾಲ ಬಳಿ ಕುಚ್ಚಲಕ್ಕಿಯ ಚೀಲ. ಅವರ್ಸಾ ದಾಟುವ ಹೊತ್ತಿಗೆ ಮಳೆ ಅಡ್ಡ ಬೀಸಲು ಶುರುವಾಯಿತು. ಬಿಣಗಾದ ಸುರಂಗದೊಳಗೆ ಹೊಕ್ಕಾಗ ಮಾತ್ರ ಮಳೆಯ ಸದ್ದು ನಿಂತಿತು. ಅಜ್ಜಿ ‘ಅಬಾ, ಕಿವಿ ತೊಳ್ದಂಗಾಯ್ತು’ ಎಂದಳು. ಸೀದಾ ಹೋಗಿದ್ದರೆ ಸಮಯಕ್ಕೆ ಮುಟ್ಟುತ್ತಿದ್ದೆವು. ಆದರೆ ಕಾರವಾರದ ಪೇಟೆಯಲ್ಲಿ ಅಜ್ಜಿಗೆ ಒಣಸಿಗಡಿ ಕಂಡಿತು. ಮೊಮ್ಮಗಳಿಗೆ ಬೇಕೇ ಬೇಕು. ಒಣಮೀನಿನ ಹೆಂಗಸು ಕೊಂಕಣಿಯಲ್ಲಿ, ಅಜ್ಜಿ ತನ್ನ ಕೇರಿಯ ಕನ್ನಡದಲ್ಲಿ, ಇಬ್ಬರೂ ಮನಸಾರೆ ಜಗಳವಾಡಿ, ಕೊನೆಗೆ ಒಬ್ಬರ ಮಗಳ ಬಾಣಂತನವನ್ನು ಇನ್ನೊಬ್ಬರು ವಿಚಾರಿಸಿ, ಎಲೆಅಡಿಕೆಯ ಕವಳ ಹಂಚಿಕೊಂಡು ಎದ್ದರು.

ಕದ್ರಾ ರಸ್ತೆಯಲ್ಲಿ ಆ ದಿನ ಕೆಲಸ ನಡೆಯುತ್ತಿದ್ದ ಜಾಗ ಹುಡುಕಿ ನಾವು ಮುಟ್ಟಿದಾಗ ನಾಗವೇಣಿ ಆಗಲೇ ಮೇಲಿದ್ದಳು. ಕಂಬದ ತುದಿ, ಹಳದಿ ಟೊಪ್ಪಿ, ಹಿಂದೆ ಮೋಡ ಮುಚ್ಚಿದ ಗುಡ್ಡ. ಗಾಳಿಗೆ ಮರಗಳು ತೂಗುತ್ತಿದ್ದವು, ಅವಳು ಮಾತ್ರ ಸೊಂಟದ ಪಟ್ಟಿಗೆ ಬೆನ್ನು ಕೊಟ್ಟು ತಂತಿ ಬಿಗಿಯುತ್ತಿದ್ದಳು. ಅಜ್ಜಿ ಗಾಡಿಯಿಂದ ಇಳಿಯಲೇ ಇಲ್ಲ. ಗಾಜಿನ ಮೇಲಿನ ನೀರನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಒರೆಸುತ್ತಿದ್ದದ್ದು ಒಳಗಿನಿಂದ, ನೀರು ಇದ್ದದ್ದು ಹೊರಗೆ. ನಾನು ಹೇಳಲು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕೆಲಸ ಮುಗಿಯಿತು. ನಾಗವೇಣಿ ಇಳಿದು ಬಂದು ‘ಒಣಸಿಗಡಿ ವಾಸ್ನೆ ಕಂಬದ ಮೇಲಿನ್ವರೆಗೂ ಬಂತು’ ಎಂದಳು. ವಾಪಸು ಬರುವಾಗ ಅಜ್ಜಿ ದಾರಿಯುದ್ದಕ್ಕೂ ಗುನುಗುತ್ತಿದ್ದಳು. ಅಮದಳ್ಳಿ ಬರುವಷ್ಟರಲ್ಲಿ ಹಾಡು ಸಿದ್ಧ:

ಮುಗಿಲ ಮುಟ್ಟುವ ಕಂಬ ಏರಿದಳು ನನ ಮಗಳು
ಸಿಡಿಲ ಕೈಯಲ್ಲಿ ಹಿಡಿದಾಳೆ | ನಾಗವೇಣಿ
ಊರಿಗೆ ಬೆಳಕ ಎಸೆದಾಳೆ

ಹೊನ್ನಿ ಅಜ್ಜಿಯ ಬಾಯಲ್ಲಿ ಇಷ್ಟು ದೊಡ್ಡ ಹಾಡು ನಾನು ಕೇಳಿರಲಿಲ್ಲ.

ಶ್ರಾವಣದಲ್ಲಿ ಉದಯನ ತಾಯಿ ಗಿರಿಜಕ್ಕ ಹೂ ಮುಡಿಸಲು ಹಟ್ಟಿಕೇರಿಗೆ ಬಂದಳು. ಮೆತ್ತಗಿನ ಹೆಂಗಸು, ಮಾತು ಕಡಿಮೆ. ನಾಗವೇಣಿಯ ತಲೆ ನೇವರಿಸಿ, ಹೂ ಮುಡಿಸಿ, ಕೈಯಲ್ಲಿದ್ದ ಬಳೆ ತಿರುಗಿಸಿ ನೋಡಿ ‘ಸಡ್ಲ ಆಯ್ತಾ?’ ಎಂದು ಕೇಳಿದಳು. ಎಲ್ಲ ಚೆನ್ನಾಗಿಯೇ ಇತ್ತು. ಚಾ ಕುಡಿಯುವಾಗ ಅಜ್ಜಿಗೆ ತಡೆಯಲಾಗಲಿಲ್ಲ. ಅರಿಶಿನದ ಸಂಜೆಗೆ ಇಟ್ಟುಕೊಳ್ಳಬೇಕಾದ ಹಾಡನ್ನು ಅವಳು ಅಲ್ಲೇ, ಬಸಿ ಕೆಳಗಿಟ್ಟು, ಹಾಡಿಯೇ ಬಿಟ್ಟಳು.

ಗಿರಿಜಕ್ಕ ಕೈಯಲ್ಲಿದ್ದ ಚಾ ಕುಡಿಯದೆ ಕೆಳಗಿಟ್ಟಳು. ಹಾಡು ಮುಗಿದ ಮೇಲೆ ನಾಗವೇಣಿಯ ಕಡೆ ನೋಡಿ ಹೇಳಿದಳು:

‘ಮಗಾ, ನೀ ನಂಗೆ ಬೇಕು. ಸಿಡ್ಲು ಹಿಡಿಯೂ ಕೆಲ್ಸ ನಂಗೆ ಬೇಡ. ಮದ್ವಿ ಆಗೂದ್ರೊಳ್ಗೆ ಅದನ್ನ ಬಿಡು.’

‘ಬಿಡೂಕೆ ಆಗೂದಿಲ್ಲ ಅತ್ತೆ.’

‘ಹಾಂಗಾದ್ರೆ ಅರಿಶಿನದ ದಿನ ನಾ ಬರ್ತೆ, ಚಾಪೆ ಮೇಲೆ ಕೂರ್ತೆ. ಆದ್ರೆ ಆ ಕಸುಬು ನಾ ಎತ್ತೂದಿಲ್ಲ.’

ಗದರಿಕೆಯಲ್ಲ, ಸಿಟ್ಟೂ ಅಲ್ಲ. ಆ ದನಿಯಲ್ಲಿ ಇದ್ದದ್ದು ಬೇರೆ ಏನೋ. ಅದು ಏನೆಂದು ಮರುವಾರ ಉದಯ ಹೇಳಿದ. ಅಜ್ಜಿ ನನ್ನನ್ನು ಕರೆದುಕೊಂಡು ಅವನ ಗಿರಣಿಗೇ ಹೋಗಿದ್ದಳು. ಅವನು ಬೆಲ್ಟು ಬಿಚ್ಚಿ ಗಿರಣಿ ನಿಲ್ಲಿಸಿ, ಹಿಟ್ಟಿನ ಡಬ್ಬಿಯ ಮೇಲೆ ಕೂತು ತಾಯಿಯ ಬಗ್ಗೆ ಹೇಳಿದ:

‘ಆಯಿಗೆ ಒಬ್ನೇ ತಮ್ಮ ಇದ್ದ. ಗದ್ದೆಲಿ ತಂತಿ ಕಡ್ದು ಬಿದ್ದಿತ್ತು. ಸತ್ತ ತಂತಿ, ಕರೆಂಟಿಲ್ಲ, ತೆಗ್ದು ಬದಿಗೆ ಹಾಕು ಅಂತ ದಂಡೆ ಮೇಲಿದ್ದವ್ರು ಯಾರೋ ಹೇಳಿದ್ರಂತೆ. ಮಾಮ ನಂಬ್ದ. ನಂಬಿ ಮುಟ್ಟಿದ. ಅಜ್ಜಿ, ಅವ್ಳಿಗೆ ನಾಗವೇಣಿ ಅಂದ್ರೆ ಜೀವ. ಜೀವ ಅಂತ್ಲೇ ಹೀಂಗೆ.’

ಅಜ್ಜಿಯ ಸೆರಗಿನ ಮೇಲೆ ಹಿಟ್ಟು ಬಿದ್ದಿತ್ತು, ಅದನ್ನು ಕೊಡವಲೂ ಇಲ್ಲ. ಗಾಡಿ ಹತ್ತಿದ ಮೇಲೆ ಒಮ್ಮೆ ಮಾತ್ರ ಹೇಳಿದಳು: ‘ನಾ ಆ ಹೆಂಗ್ಸಿನ ಎದ್ರು ಸಿಡ್ಲು ಅಂದೆ ಗಣಪು.’

ಚೌತಿಗೆ ನಾಗವೇಣಿ ಮನೆಗೆ ಬಂದಳು. ನಾನು ಪಂಚಕಜ್ಜಾಯ ತಿನ್ನಲು ಹೋದವನು ಜಗಲಿಯ ಮೇಲೆ ಅಜ್ಜಿ ಮೊಮ್ಮಗಳ ಜಗಳ ಕೇಳುತ್ತ ಕೂತೆ.

‘ಹಾಡು ಎತ್ತದಿದ್ರೆ ನನ್ನ ನೌಕರಿ ಹೋತದ್ಯಾ ಅಜ್ಜಿ? ಹೋಗೂದಿಲ್ಲ. ಸರಕಾರ ನಿಂಗಳ ಚಾಪೆ ನೋಡಿ ಪಗಾರ ಕೊಡೂದಲ್ಲ.’

‘ಹಾಂಗಾದ್ರೆ ಮುಖ ಯಾಕೆ ಹೀಂಗೆ ಮಾಡ್ಕಂಡೆ?’

ನಾಗವೇಣಿ ಹೇಳಿದಳು:

‘ದಿನಾ ಬೆಳಿಗ್ಗೆ ಅತ್ತೆ ಕಣ್ಣಲ್ಲಿ ನೀರು ನೋಡಿ ಕಂಬ ಹತ್ತೂಕೆ ಆಗೂದಿಲ್ಲ ಅಜ್ಜಿ. ಈ ಕೆಲ್ಸಕ್ಕೆ ತಲೆ ತಣ್ಣಗಿರ್ಬೇಕು. ಅವ್ರು ಮನ್ಸಿಂದ ಹೋಗಿ ಬಾ ಅನ್ಬೇಕು. ಇಲ್ಲಾಂದ್ರೆ ಒಂದಿನ ನಾನೇ ಬಿಡ್ತೆ. ಮದ್ವಿ ಬಿಡ್ತ್ನೋ ಕೆಲ್ಸ ಬಿಡ್ತ್ನೋ ಗೊತ್ತಿಲ್ಲ.’

ಅಜ್ಜಿ ಕವಳದ ಡಬ್ಬಿ ತೆಗೆದು ಮತ್ತೆ ಮುಚ್ಚಿದಳು. ‘ನನ್ನ ಹಾಡು ಚಲೋ ಇರ್ಲಿಲ್ವಾ?’

‘ಹಾಡು ಚಲೋ ಇದೆ. ಆದ್ರೆ ಅದು ನನ್ನ ಕೆಲ್ಸ ಅಲ್ಲ. ಸಿಡ್ಲು ಹಿಡಿಯೂಕೆ ಹೋದವ್ರು ಯಾರೂ ಈ ಕೆಲ್ಸದಲ್ಲಿ ಉಳಿಯೂದಿಲ್ಲ. ನೀ ಬಂದು ಕಂಡದ್ದು ಕಡೀ ಹತ್ತು ಮಿನಿಟು. ಅದ್ಕಿಂತ ಮೊದ್ಲು ನಾ ಎಂತ ಮಾಡ್ದೆ, ನೋಡಿದ್ಯಾ? ನೀ ಆಗ ಸಿಗಡಿ ಪೇಟೇಲಿ ಇದ್ದೆ.’

ಬದುಕಿಡೀ ಒಂದೇ ಕಟ್ಟು ಪಾಲಿಸಿದ ಅಜ್ಜಿ ಮೊಮ್ಮಗಳ ಹಾಡಿನಲ್ಲೇ ಅದನ್ನು ಮುರಿದಿದ್ದಳು. ಅರ್ಧ ನೋಡಿ, ಉಳಿದರ್ಧವನ್ನು ಹೆಮ್ಮೆಯಿಂದ ತುಂಬಿಬಿಟ್ಟಿದ್ದಳು. ನಾಗವೇಣಿ ಆ ಸಂಜೆಯೇ ಕದ್ರಾಕ್ಕೆ ವಾಪಸಾದಳು. ಮರುದಿನ ಬೆಳಕು ಹರಿಯುವ ಮೊದಲೇ ಅಜ್ಜಿ ನನ್ನ ಬಾಗಿಲು ಬಡಿದಳು. ಕೈಯಲ್ಲಿ ಕೊಡೆ, ಬುತ್ತಿ. ‘ಏಳು. ಈ ಸಲ ಪೇಟೇಲಿ ನಿಲ್ಸಿದ್ರೆ ನಿನ್ನ ಕಾಲು ಮುರಿತೆ.’

ಹಬ್ಬ ಕಳೆದರೂ ಆ ವರ್ಷ ಮಳೆ ಬಿಟ್ಟಿರಲಿಲ್ಲ. ಕಾಳಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಿಂದಿನ ಸಂಜೆಯ ಗಾಳಿಗೆ ಒಂದು ಹೊನ್ನೆ ಮರ ಲೈನಿನ ಮೇಲೆ ಒರಗಿತ್ತು. ನಾವು ಹೋದಾಗ ನಾಗವೇಣಿ ಮತ್ತು ಅವಳ ಜೊತೆಯ ಇಬ್ಬರು ಕಂಬದ ಬುಡದಲ್ಲಿ ಸುಮ್ಮನೆ ನಿಂತಿದ್ದರು. ಅಜ್ಜಿ ರಸ್ತೆಬದಿಯ ಕಲ್ಲಿನ ಮೇಲೆ ಕೊಡೆ ಬಿಡಿಸಿ ಕೂತಳು.

ನಾಗವೇಣಿ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನಿನ ಹೆಸರು ಹೇಳಿ ಬಂದ್ ಮಾಡಿ ಎಂದಳು. ಕಾದಳು. ಮತ್ತೆ ಫೋನು ಬಂತು, ಬಂದ್ ಆಗಿದೆ ಎಂದರು. ಅವಳು ಅದೇ ಮಾತನ್ನು ತಿರುಗಿ ಅವರಿಂದಲೇ ಹೇಳಿಸಿದಳು. ಆಮೇಲೂ ಹತ್ತಲಿಲ್ಲ. ಕರೆಂಟು ಇದೆಯೋ ಇಲ್ಲವೋ ತಿಳಿಸುವ ಉದ್ದನೆಯ ಕೋಲು ತಂದು ತಂತಿಗೆ ತಾಗಿಸಿ ನೋಡಿದಳು. ಒಂದೊಂದು ತಂತಿಗೂ ಬೇರೆ ಬೇರೆ.

‘ಇದ್ರಲ್ಲಿ ಹಾಡೂಕೆ ಎಂತ ಇದೆ ಗಣಪು’ ಎಂದು ಅಜ್ಜಿ ಪಿಸುಗುಟ್ಟಿದಳು. ‘ಇದ್ರ ಕೆಲ್ಸ ಅಂದ್ರೆ ಕಾಯೂದು.’ ಆಮೇಲೆ ಅವಳೇ ಕೂಗಿ ಕೇಳಿದಳು: ‘ಏ ನಾಗಿ, ಕರೆಂಟು ಇಲ್ಲ ಅಂತ ಅವ್ರು ಹೇಳಿಯಾಯ್ತಲ್ಲ. ಮತ್ತೆ ಯಾಕೆ ನೋಡ್ತೆ?’

ನಾಗವೇಣಿ ಕೋಲು ಇಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

‘ಇಲ್ಲ ಅಂತ ಹೇಳ್ದವ್ರು ಅಲ್ಲಿದ್ರು. ಮುಟ್ಟೂಳು ನಾನು, ಇಲ್ಲಿದ್ದೆ.’

ಅಜ್ಜಿ ಕಲ್ಲಿನಿಂದ ಎದ್ದು ನಿಂತಳು. ಕೊಡೆ ವಾಲಿ ಮಳೆ ಅವಳ ಹೆಗಲ ಮೇಲೆ ಸುರಿಯುತ್ತಿತ್ತು. ಮುಂದಿನದೆಲ್ಲವನ್ನೂ ಅವಳು ನಿಂತೇ ನೋಡಿದಳು. ಕೆಲಸ ಮಾಡುವ ಜಾಗದ ಆಚೆಗೊಂದು, ಈಚೆಗೊಂದು ಸರಪಳಿಯಂಥ ತಂತಿಯನ್ನು ಲೈನಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಹುಗಿದರು. ಎಲ್ಲಿಂದಾದರೂ ತಪ್ಪಿ ಕರೆಂಟು ಬಂದರೂ ಅದು ಮನುಷ್ಯರನ್ನು ಮುಟ್ಟದೆ ನೆಲಕ್ಕೆ ಹೋಗಲಿ ಎಂದು. ಟೊಪ್ಪಿ, ಕೈಗವಸು, ಸೊಂಟದ ಪಟ್ಟಿ. ಪಟ್ಟಿಯನ್ನು ಎಳೆದು ನೋಡಿದಳು, ಜೊತೆಯವನಿಂದಲೂ ಎಳೆಸಿ ನೋಡಿದಳು. ಆಮೇಲೆ ಹತ್ತಿದಳು. ಹತ್ತಿ ಮಾಡಿದ ಕೆಲಸ ನಿಜಕ್ಕೂ ಸ್ವಲ್ಪವೇ ಹೊತ್ತಿನದು.

ಆ ದಿನ ವಾಪಸು ಬರುವಾಗ ಅಜ್ಜಿ ಗುನುಗಲಿಲ್ಲ. ಬುತ್ತಿಯನ್ನೂ ಬಿಚ್ಚಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವಳ ಬಾಯಿಂದ ಆ ಹಾಡು ನಾನು ಕೇಳಲಿಲ್ಲ. ಕೇಳಿದರೆ ‘ಬೇಯ್ತದೆ, ಮುಚ್ಚಳ ತೆಗೀಬೇಡ’ ಎನ್ನುತ್ತಿದ್ದಳು.

ತುಳಸಿ ಲಗ್ನ ಆಯಿತು. ಮೋಡ ಹೋಗಿ ಹಟ್ಟಿಕೇರಿಯ ಗದ್ದೆಗಳು ಕೊಯ್ಲಾಗಿ ಬೋಳಾದವು. ನಾನು ಶಾಮಿಯಾನ ಎಬ್ಬಿಸಿದೆ, ಮೈಕ್ ಕಟ್ಟಿದೆ. ಅರಿಶಿನದ ಸಂಜೆ ಅಮದಳ್ಳಿಯಿಂದ ಟೆಂಪೋ ಬಂತು. ಗಿರಿಜಕ್ಕ ಅರಿಶಿನದ ಬಟ್ಟಲು ಹಿಡಿದು ಎಲ್ಲರಿಗಿಂತ ಮುಂದೆ ಇಳಿದಳು. ನಾಗವೇಣಿಯ ಕೆನ್ನೆಗೆ, ತೋಳಿಗೆ ಹಚ್ಚಿದಳು. ಅಂಗೈ ಹಿಡಿದು ಅಲ್ಲಿದ್ದ ಗಟ್ಟಿ ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಅದಕ್ಕೂ ಅರಿಶಿನ ಹಚ್ಚಿದಳು. ಆಮೇಲೆ ಹೋಗಿ ಎದುರಿನ ಚಾಪೆಯ ಮೇಲೆ ಕೂತಳು. ಬಾಯಿ ಬಿಗಿದಿತ್ತು.

ಮೊದಲು ಗಂಡಿನ ಕಡೆಯವರು ಗಿರಣಿ ಹಾಡಿದರು. ‘ಊರ ಕಾಳೆಲ್ಲ ನುಂಗ್ಯಾನೆ, ಒಂದು ತುತ್ತೂ ತಿಂದಿಲ್ಲ’ ಎಂಬ ಸಾಲಿಗೆ ನಮ್ಮವರು ಬಿದ್ದು ಬಿದ್ದು ನಕ್ಕರು. ಅಜ್ಜಿ ನನ್ನ ಕಡೆ ಕೈ ಎತ್ತಿದಳು. ನಾನು ಮೈಕ್ ಬಂದ್ ಮಾಡಿದೆ. ಹೆಣ್ಣಿನ ಕಸುಬು ಹಾಡುವಾಗ ಅವಳಿಗೆ ಮೈಕ್ ಆಗುವುದಿಲ್ಲ. ಅದು ಊರಿಗೆ ಹೇಳುವ ಮಾತಲ್ಲ, ಎದುರಿನ ಚಾಪೆಗೆ ಹೇಳುವ ಮಾತು.

ಅವಳು ಶುರುಮಾಡಿದಾಗ ದನಿ ಸಣ್ಣಗಿತ್ತು:

ಮೊದಲು ಕೇಳಿದಳು, ಕೇಳಿ ಕಾದಳು
ಕಾದು ಮತ್ತೊಮ್ಮೆ ಕೇಳ್ಯಾಳೆ | ನಾಗವೇಣಿ
ಇಲ್ಲೆಂದರೂ ನಂಬಲಿಲ್ಲ

ಗಿರಿಜಕ್ಕ ತಲೆ ಎತ್ತಿದಳು.

ಕೋಲ ತಾಗಿಸಿ ನೋಡಿ, ಕಣ್ಣಾರೆ ತಾ ನೋಡಿ
ಆಚೆಗೊಂದೀಚೆಗೊಂದು ಸರಪಳಿ | ಕಟ್ಟ್ಯಾಳೆ
ನೆಲದ ತಾಯಿಗೆ ಒಪ್ಪಿಸಿ

‘ಎರ್ಡೂ ಬದಿಗೆ ಯಾಕೆ?’

ಕೇಳಿದವಳು ಗಿರಿಜಕ್ಕ. ಕಸುಬು ಹಾಡುವಾಗ ನಡುವೆ ಯಾರೂ ಮಾತಾಡುವುದಿಲ್ಲ. ಅಕ್ಕಪಕ್ಕದವರು ಅವಳ ಮೊಣಕೈ ಮುಟ್ಟಿದರು. ಅವಳು ಅಜ್ಜಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಅಜ್ಜಿ ಹಾಡು ನಿಲ್ಲಿಸಲೂ ಇಲ್ಲ, ಮಾತಿನಲ್ಲಿ ಉತ್ತರ ಕೊಡಲೂ ಇಲ್ಲ. ಒಂದು ಉಸಿರು ತೆಗೆದುಕೊಂಡು ಅದೇ ರಾಗದಲ್ಲಿ, ಆಗಲೇ ಹುಟ್ಟಿದ ಮಾತಿನಲ್ಲಿ ಹೇಳಿದಳು:

ಮೂಡಣಿಂದ ಬರಲಿ, ಪಡುವಣಿಂದ ಬರಲಿ
ಕಳ್ಳನ ಹಾಂಗೆ ಹಿಂದಿಂದ | ಬಂದರೂ
ಮಗಳ ಮುಟ್ಟದೆ ನೆಲಕಿಳಿಲಿ

ಪಟ್ಟಿ ಬಿಗಿದಳು ಸೊಂಟಕೆ, ಟೊಪ್ಪಿ ಇಟ್ಟಳು ತಲೆಗೆ
ಆಮೇಲೆ ಒಂದೊಂದೇ ಮೆಟ್ಟಿಲ | ಏರ್ಯಾಳೆ
ಅವಸರವ ಕೆಳಗೆ ಇಟ್ಟು

ಮುಗಿಲೂ ಇಲ್ಲ, ಸಿಡಿಲೂ ಇಲ್ಲ. ಇದಕ್ಕಿಂತ ಸಪ್ಪೆ ಹಾಡನ್ನು ಅಜ್ಜಿ ಕಟ್ಟಿರಲಿಲ್ಲ ಎಂದು ಆಗ ನನಗೆ ಅನಿಸಿತು. ಆದರೆ ಶಾಮಿಯಾನದ ಕೆಳಗೆ ಒಬ್ಬರೂ ಕೆಮ್ಮಲಿಲ್ಲ. ಅಜ್ಜಿ ಕೇಳಿದಳು:

‘ಈ ಕಸುಬು ಯಾರ ಮನೆಗೆ?’

ಎದುರಿನ ಚಾಪೆಯವರೆಲ್ಲ ಗಿರಿಜಕ್ಕನ ಕಡೆ ನೋಡಿದರು. ಅವಳು ಎತ್ತದೆ ಅವರು ಎತ್ತುವ ಹಾಗಿಲ್ಲ. ನಾಗವೇಣಿ ಅರಿಶಿನ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟು ನೆಲ ನೋಡುತ್ತಿದ್ದಳು. ಅಜ್ಜಿ ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಕೇಳುವ ಪದ್ಧತಿ ಇಲ್ಲ.

ಗಿರಿಜಕ್ಕ ಬಾಯಿ ತೆರೆದಳು. ಅವಳಿಗೆ ರಾಗ ಬರುವುದಿಲ್ಲ. ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅಳುವ ಹಾಗೂ ಅಲ್ಲದ, ಹಾಡುವ ಹಾಗೂ ಅಲ್ಲದ ಒಂದು ದನಿಯಲ್ಲಿ ಹೇಳಿದಳು:

ಮಳೆಯಲ್ಲಿ ಹೋದವಳು ಮನೆಗೆ ಬಂದ ಕೂಡ್ಲೆ ಮೊದ್ಲು ನನ್ನೆದ್ರು ಬಂದು ಮುಖ ತೋರಸ್ಲಿ, ಆಮೇಲೆ ಬೇಕಾದ್ರೆ ಚಾ ಕುಡೀಲಿ
ನಮ್ಮ ಮನೆಗೆ, ನಮ್ಮ ಮನೆಗೆ

ಅವಳ ಹಿಂದಿನ ಹೆಂಗಸರು ‘ನಮ್ಮ ಮನೆಗೆ’ ಎಂದು ಎತ್ತಿಕೊಂಡಾಗ ಶಾಮಿಯಾನದ ಗಳ ಅಲುಗಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾಗವೇಣಿ ಅರಿಶಿನದ ಕೈಯಲ್ಲೇ ಮುಖ ಮುಚ್ಚಿಕೊಂಡಳು, ಹೀಗಾಗಿ ಮತ್ತೆ ಯಾರೂ ಅವಳಿಗೆ ಅರಿಶಿನ ಹಚ್ಚುವ ಅಗತ್ಯ ಬೀಳಲಿಲ್ಲ. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದುರಿನ ಚಾಪೆಗೆ ಹೇಳಿದಳು:

‘ಸಾಲು ಉದ್ದ ಆಯ್ತು ಬೀಗತಿ. ರಾಗದಲ್ಲಿ ಕೂರೂದಿಲ್ಲ.’

‘ಆದ್ರೆ ಆಗ್ಲಿ’ ಎಂದಳು ಗಿರಿಜಕ್ಕ. ‘ಒಂದು ಅಕ್ಷರ ಕಡ್ಮೆ ಮಾಡೂದಿಲ್ಲ.’

‘ಅಡ್ಡಿಲ್ಲ. ರಾಗವೇ ಸ್ವಲ್ಪ ಕಾಯ್ಲಿ.’

ರಾಗ ಈಗಲೂ ಕಾಯುತ್ತದೆ. ಟ್ರಾಲರಿಗೆ ಹೋಗುವ ಹುಡುಗರ ಮದುವೆಯಲ್ಲಿ, ರಾತ್ರಿ ಪಾಳಿಯ ನರ್ಸುಗಳ ಮದುವೆಯಲ್ಲಿ, ಲಾರಿಯವರ ಮದುವೆಯಲ್ಲಿ ಆ ಉದ್ದ ಸಾಲು ಬರತೊಡಗಿದೆ. ಮಳೆ ಎಂದಿರುವಲ್ಲಿ ಕಡಲು ಬರುತ್ತದೆ, ಘಟ್ಟ ಬರುತ್ತದೆ, ಉಳಿದದ್ದು ಹಾಗೇ. ಅದು ಎಲ್ಲಿಂದ ಬಂತೆಂದು ಹಾಡುವ ಎಷ್ಟೋ ಜನರಿಗೆ ಗೊತ್ತಿಲ್ಲ.

ಕಳೆದ ಮೇ ಕೊನೆಯಲ್ಲಿ ಬೇಲೇಕೇರಿಯಲ್ಲೊಂದು ಮದುವೆ. ಮಧ್ಯಾಹ್ನ ಊಟದ ಹೊತ್ತಿಗೆ ಗಾಳಿ ಎದ್ದು, ವರ್ಷದ ಮೊದಲ ಮಳೆ ಬಂದು, ನಾನು ಶಾಮಿಯಾನದ ಹಗ್ಗ ಹಿಡಿದುಕೊಂಡು ಓಡಾಡುತ್ತಿದ್ದೆ. ಪಂಕ್ತಿಯಲ್ಲಿ ಗಿರಿಜಕ್ಕ ಕೂತಿದ್ದಳು. ನಾಗವೇಣಿ ಈಗ ಅಂಕೋಲೆಯ ಕಡೆಯೇ ಕೆಲಸ ಮಾಡುತ್ತಾಳೆ. ಅತ್ತೆಯ ಜೊತೆ ಮದುವೆಗೆ ಬಂದವಳು ಫೋನು ಬಂತೆಂದು ರೇಷ್ಮೆ ಸೀರೆ ಬದಲಿಸಿ ಹೋಗಿದ್ದಳಂತೆ. ಗಿರಿಜಕ್ಕನ ಎದುರಿನ ಎಲೆಯಲ್ಲಿ ಅನ್ನ ಹಾಕಿದ್ದು ಹಾಕಿದ ಹಾಗೇ ಇತ್ತು. ಪಕ್ಕದಲ್ಲಿ ಇನ್ನೊಂದು ಎಲೆ, ಅದರ ಮೇಲೆ ಯಾರೂ ಕೂರದಂತೆ ತನ್ನ ಸಂಚಿ ಇಟ್ಟಿದ್ದಳು.

‘ಊಟ ಮಾಡಿ ಗಿರಿಜಕ್ಕ, ಸಾರು ತಣೀತದೆ’ ಎಂದೆ.

‘ನೀ ನಿನ್ನ ಹಗ್ಗ ನೋಡ್ಕ.’

ಎರಡನೇ ಪಂಕ್ತಿ ಏಳುವ ಹೊತ್ತಿಗೆ ನಾಗವೇಣಿ ಬಂದಳು. ಖಾಕಿ ಅಂಗಿ ಮೈಗೆ ಅಂಟಿತ್ತು, ಬೂಟಿನ ತುಂಬ ಕೆಸರು. ಮದುಮಕ್ಕಳ ಕಡೆ ನೋಡಲಿಲ್ಲ, ಕೈ ತೊಳೆಯಲು ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ನೇರ ಬಂದು ಗಿರಿಜಕ್ಕನ ಎದುರು ಬಗ್ಗಿ ನಿಂತಳು. ಮುದುಕಿ ಅವಳ ಗಲ್ಲ ಹಿಡಿದು ಮುಖವನ್ನು ಈ ಬದಿಗೊಮ್ಮೆ ಆ ಬದಿಗೊಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಪಕ್ಕದ ಎಲೆಯ ಮೇಲಿನ ಸಂಚಿ ತೆಗೆದು, ಬಡಿಸುವವನನ್ನು ಕರೆದಳು:

‘ಏ ತಮಾ, ಈಗ ಬಿಸಿ ಸಾರು ತಾ. ಇಬ್ರಿಗೂ.’